ಮನೆ ಹೊರುವ ಗಾಡಿ: ಮೊದಲು ತೂಕ, ಆಮೇಲೆ ಚಾಸಿ, ಕೊನೆಗೆ ಎಂಜಿನ್

ಮೋಟರ್‌ಹೋಮ್ (ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಓಡಾಡುವ ಗಾಡಿ) ಮಾಡಿಸಬೇಕು ಅಂತ ಮನಸ್ಸು ಮಾಡಿದವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಎಷ್ಟು ಸಿಸಿ, ಎಷ್ಟು ಹೆಚ್‌ಪಿ, ಘಾಟಿ ಹತ್ತುತ್ತದಾ ಅಂತ. ನಾನು ಎಂಜಿನ್ ಮಾತನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ನಮ್ಮಲ್ಲಿ ಎಂಜಿನ್ ಬೇರೆ, ಚಾಸಿ (ಗಾಡಿಯ ಭಾರವೆಲ್ಲ ಹೊರುವ ಕೆಳಗಿನ ಚೌಕಟ್ಟು) ಬೇರೆ ಅಂತ ಕೊಳ್ಳಲು ಆಗುವುದಿಲ್ಲ. ಒಂದು ಚಾಸಿ ಜೊತೆ ಒಂದೋ ಎರಡೋ ಎಂಜಿನ್ ಬರುತ್ತವೆ, ಅಷ್ಟೇ. ಆ ಚಾಸಿ ಯಾವುದು ಅಂತ ತೀರ್ಮಾನ ಮಾಡುವುದು ನೀವು ಒಳಗೆ ತುಂಬುವ ತೂಕ. ಹಾಗಾಗಿ ಶೋರೂಮಿಗೆ ಹೋಗುವ ಮೊದಲು ಒಂದು ಕಾಗದ, ಪೆನ್ನು ಹಿಡಿದು ಕೂರಬೇಕು.

ಇವತ್ತು ಇಲ್ಲಿ ಕೂತಿರುವ ನಿಮ್ಮ ಮುಂದೆ ಮಾತಾಡುತ್ತಿರುವುದು ಚಿಕ್ಕ ಗಾಡಿಯ ಬಗ್ಗೆ. ಇಬ್ಬರಿಂದ ನಾಲ್ವರು ಮಲಗಬೇಕು. ಉದ್ದ ಐದೂವರೆ, ಹೆಚ್ಚೆಂದರೆ ಆರು ಮೀಟರ್. ಹಳ್ಳಿ ಬೀದಿಯಲ್ಲಿ ತಿರುಗಿಸಲು ಬರಬೇಕು. ಕಾರಿನ ಲೈಸೆನ್ಸಿನಲ್ಲೇ ಓಡಿಸಬೇಕು. ಈ ಕೊನೆಯದಕ್ಕೆ ಭಯ ಬೇಡ. ನಮ್ಮ ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ 7500 ಕೆಜಿವರೆಗಿನ ಗಾಡಿಗೆ ನಡೆಯುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಅದನ್ನು ಎತ್ತಿ ಹಿಡಿದಿದೆ. ನಾವು ಮಾತಾಡುವ ಗಾಡಿಗಳು ಅದರ ಅರ್ಧದ ಆಸುಪಾಸಿನವು.

ಈಗ ಲೆಕ್ಕ ಹಾಕೋಣ, ನೀವೂ ಬರೆದುಕೊಳ್ಳಿ. ನಾಲ್ಕು ಜನ, ತಲೆಗೆ 70 ಅಂದರೆ 280 ಕೆಜಿ. ನೀರು 100 ಲೀಟರ್, ಅದು 100 ಕೆಜಿ. ಮರದ ಕೆಲಸದ ತೂಕವನ್ನು ಯಾರೂ ಸರಿಯಾಗಿ ಅಂದಾಜು ಮಾಡುವುದಿಲ್ಲ. ಎಂಟು ಅಡಿ ನಾಲ್ಕು ಅಡಿಯ 18 ಎಂಎಂ ಪ್ಲೈವುಡ್ ಹಾಳೆ ಒಂದೇ 32ರಿಂದ 35 ಕೆಜಿ ತೂಗುತ್ತದೆ. ಮಂಚ, ಮೇಲಿನ ಲಾಫ್ಟ್, ಅಡುಗೆ ಕಟ್ಟೆ, ಬಾತ್‌ರೂಮಿನ ಅಡ್ಡಗೋಡೆ ಅಂತ ಹೋದರೆ ಹತ್ತು ಹಾಳೆ ಸುಲಭವಾಗಿ ಮುಗಿಯುತ್ತವೆ. ಅಲ್ಲಿಗೆ 330 ಬಂತು. ಇನ್ವರ್ಟರಿಗೆ ಹಾಕುವ ಟ್ಯೂಬುಲರ್ ಬ್ಯಾಟರಿ ಎರಡು ಇಟ್ಟರೆ 120. ಫ್ರಿಜ್, ಒಲೆ, ಗ್ಯಾಸ್, ಎಸಿ, ಮೇಲೆ ಸೋಲಾರ್ ಪ್ಯಾನೆಲ್, ಪಕ್ಕಕ್ಕೆ ಬಿಚ್ಚುವ ಚಪ್ಪರ ಎಲ್ಲ ಸೇರಿ ಒಂದು 175 ಅನ್ನೋಣ. ಬಟ್ಟೆ, ಹಾಸಿಗೆ, ಪಾತ್ರೆ, ಅಕ್ಕಿ ಬೇಳೆ, ಮಕ್ಕಳ ಸಾಮಾನು ಇನ್ನೊಂದು 150. ಕೂಡಿಸಿ ನೋಡಿ, 1155 ಕೆಜಿ. ಕಿಟಕಿ, ನೆಲದ ಹಾಸು, ಶಾಖ ತಡೆಯುವ ಪದರ, ಕೊಳೆ ನೀರಿನ ಟ್ಯಾಂಕು ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈ ಲೆಕ್ಕ ಕೈಯಲ್ಲಿದ್ದರೆ ಬಹಳಷ್ಟು ಗೊಂದಲ ತಾನಾಗಿ ಕರಗುತ್ತದೆ. ಬೊಲೆರೋ ಕ್ಯಾಂಪರ್ ತರಹದ ಪಿಕಪ್ ಹೊರುವುದು ಸುಮಾರು ಒಂದು ಟನ್. ಆ ಒಂದು ಟನ್ನಿನಲ್ಲಿ ಮೇಲೆ ಕಟ್ಟುವ ಡಬ್ಬದ ತೂಕವೂ ಸೇರಿದೆ. ಅಂದರೆ ನಾಲ್ಕು ಜನರ ಸಂಸಾರಕ್ಕೆ ಅದು ಆಗದು. ಇಬ್ಬರಿಗೆ, ಕಡಿಮೆ ಸಾಮಾನಿನಲ್ಲಿ ಓಡಾಡುವವರಿಗೆ ಬಹಳ ಒಳ್ಳೆಯ ಗಾಡಿ. ಇನ್ನೊಂದು ಕಡೆ 12 ಸೀಟಿನ ಟಿಟಿ, ಅಂದರೆ ಟೆಂಪೋ ಟ್ರಾವೆಲರ್ ನೋಡಿ. ಹನ್ನೆರಡು ಜನರನ್ನೂ ಅವರ ಲಗೇಜನ್ನೂ ಹೊರಲು ಸ್ಪ್ರಿಂಗು, ಬ್ರೇಕು, ಟೈರು ಎಲ್ಲ ಲೆಕ್ಕ ಹಾಕಿ ಮಾಡಿದ ಗಾಡಿ ಅದು. ಸೀಟು ತೆಗೆದರೆ ಹೆಚ್ಚುಕಡಿಮೆ ಒಂದು ಟನ್ ನಿಮ್ಮ ಪಾಲಿಗೆ ಸಿಗುತ್ತದೆ. ಪ್ಲೈವುಡ್ ಬದಲು ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಹಲಗೆ ಹಾಕಿ, ಟ್ಯೂಬುಲರ್ ಬದಲು ಲಿಥಿಯಂ ಬ್ಯಾಟರಿ ಇಡಿ. 200 ಆಂಪಿಯರ್-ಅವರ್‌ನ ಲಿಥಿಯಂ ಸುಮಾರು 25 ಕೆಜಿ ಅಷ್ಟೇ. ಆಗ ಇದೇ ಸಂಸಾರ ಆ ಗಾಡಿಯಲ್ಲಿ ನೆಮ್ಮದಿಯಾಗಿ ಹಿಡಿಯುತ್ತದೆ. ಲಿಥಿಯಂ ದುಬಾರಿ ಅಂತ ಹಿಂದೆ ಸರಿಯುವವರಿಗೆ ನಾನು ಹೇಳುವುದಿಷ್ಟು: ಆ ತೂಕವನ್ನು ಗಾಡಿ ಇರುವವರೆಗೂ ಡೀಸೆಲ್ ಸುಟ್ಟು ಎಳೆಯಬೇಕಾಗುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದು, ಅದು ಎಲ್ಲಿ ಕೂತಿದೆ ಅನ್ನುವುದೂ ಅಷ್ಟೇ ಮುಖ್ಯ. ಒಂದು ಉದಾಹರಣೆ. ಆಕ್ಸಲ್ ಅಂದರೆ ಎಡ ಬಲ ಚಕ್ರಗಳ ನಡುವಿನ ಅಚ್ಚು. ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ 3350 ಎಂಎಂ ಇರುವ ಗಾಡಿ. ಹಿಂಬದಿಗೆ ಸ್ಟ್ಯಾಂಡ್ ಹಾಕಿಸಿ 100 ಕೆಜಿಯ ಸ್ಕೂಟರ್ ಕಟ್ಟಿದ್ದೀರಿ, ಅದು ಹಿಂದಿನ ಆಕ್ಸಲ್‌ನಿಂದ 1.2 ಮೀಟರ್ ಆಚೆಗಿದೆ. ಹಿಂದಿನ ಚಕ್ರಗಳ ಮೇಲೆ ಹೆಚ್ಚಾಗುವುದು 100 ಅಲ್ಲ, 136 ಕೆಜಿ. ಆ 36 ಎಲ್ಲಿಂದ ಬಂತು? ಮುಂದಿನ ಚಕ್ರದಿಂದ. ಸ್ಕೂಟರ್ ಗಾಡಿಯ ಬಾಲ ಒತ್ತುತ್ತದೆ, ಮೂತಿ ಮೇಲೇಳುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಮಳೆಯಲ್ಲಿ ಮುಂದಿನ ಟೈರಿನ ಹಿಡಿತ ಕಡಿಮೆಯಾಗುತ್ತದೆ. ಇದಕ್ಕೇ ನೀರಿನ ಟ್ಯಾಂಕನ್ನು ಹಿಂದೆ ಮಂಚದ ಕೆಳಗೆ ಇಡಬೇಡಿ ಅನ್ನುವುದು. ಎರಡು ಆಕ್ಸಲ್ ನಡುವೆ, ಆದಷ್ಟು ಕೆಳಗೆ ಇಡಿ.

ವೀಲ್‌ಬೇಸ್, ಅಂದರೆ ಎರಡು ಆಕ್ಸಲ್ ನಡುವಿನ ಅಂತರ, ಉದ್ದ ಬೇಕು ಅನ್ನುವುದೂ ಇದೇ ಕಾರಣಕ್ಕೆ. ಹಿಂದಿನ ಆಕ್ಸಲ್‌ನಿಂದ ಆಚೆ ಚಾಚುವ ಭಾಗ ವೀಲ್‌ಬೇಸಿನ ನೂರಕ್ಕೆ 60 ದಾಟಬಾರದು ಅಂತ ನಿಯಮವೇ ಇದೆ. ನನ್ನನ್ನು ಕೇಳಿದರೆ 40ರ ಹತ್ತಿರ ನಿಲ್ಲಿಸಿ. ಬಾಲ ಉದ್ದವಾದಷ್ಟೂ ಹಳ್ಳದ ದಾರಿಯಲ್ಲಿ ಹಿಂದಿನ ಬಂಪರ್ ನೆಲಕ್ಕೆ ತಾಗುತ್ತದೆ, ತಿರುವಿನಲ್ಲಿ ಪಕ್ಕದ ಗೋಡೆ ಸವರುತ್ತದೆ.

ಈಗ ಚಾಸಿ. ನಮ್ಮ ಮುಂದಿರುವ ದಾರಿ ಮೂರು. ಕಂಪನಿಯೇ ಮೈ ಕಟ್ಟಿ ಕೊಟ್ಟ ವ್ಯಾನ್ ತಗೊಂಡು ಒಳಗೆ ಮನೆ ಮಾಡುವುದು ಒಂದು. ಬರೀ ಕ್ಯಾಬಿನ್ ಮತ್ತು ಚಾಸಿ ತಗೊಂಡು ಹಿಂದೆ ಡಬ್ಬ ಕಟ್ಟಿಸುವುದು ಎರಡನೆಯದು. ಪಿಕಪ್ ಮೂರನೆಯದು, ಅದರ ಮಾತು ಆಗಲೇ ಮುಗಿಯಿತು.

ವ್ಯಾನಿನ ಸಾಲಿನಲ್ಲಿ ಚಿಕ್ಕ ಮೋಟರ್‌ಹೋಮಿಗೆ ಗಂಭೀರವಾಗಿ ನೋಡಬೇಕಾದವು ಫೋರ್ಸ್ ಟ್ರಾವೆಲರ್, ಅದೇ ಕಂಪನಿಯ ಅರ್ಬೇನಿಯಾ, ಆಮೇಲೆ ಟಾಟಾ ವಿಂಗರ್. ಟ್ರಾವೆಲರ್ ಬಗ್ಗೆ ಸ್ವಲ್ಪ ದಾರಿ ಬಿಟ್ಟು ಹೇಳಬೇಕು. ಮದುವೆ ದಿಬ್ಬಣಕ್ಕೆ, ಧರ್ಮಸ್ಥಳಕ್ಕೆ, ಶಬರಿಮಲೆಗೆ ನಾವೆಲ್ಲ ಕೂತು ಹೋದ ಟಿಟಿ ಹುಟ್ಟಿದ್ದು ಜರ್ಮನಿಯಲ್ಲಿ. 1977ರಲ್ಲಿ ಮರ್ಸಿಡಿಸ್-ಬೆಂಜ್ ಕಂಪನಿ ಬ್ರೆಮೆನ್ ಊರಿನ ಕಾರ್ಖಾನೆಯಲ್ಲಿ ತಯಾರಿಸಲು ಶುರು ಮಾಡಿದ ಟಿ1 ವ್ಯಾನ್ ಅದು. 1987ರಲ್ಲಿ ಬಜಾಜ್ ಟೆಂಪೋ ಅದನ್ನು ಇಲ್ಲಿಗೆ ತಂದಿತು. ಆ ಕಂಪನಿಯೇ ಈಗಿನ ಫೋರ್ಸ್ ಮೋಟರ್ಸ್. ಅಲ್ಲಿ ಆ ಕಾಲಕ್ಕೇ ಹೈಮರ್ ತರಹದ ದೊಡ್ಡ ಹೆಸರಿನ ಕಂಪನಿಗಳು ಇದೇ ಟಿ1 ಮೇಲೆ ಮೋಟರ್‌ಹೋಮ್ ಕಟ್ಟುತ್ತಿದ್ದವು. ಅಂದರೆ ನಮ್ಮ ಟಿಟಿಯ ಮೇಲೆ ಮನೆ ಕಟ್ಟುವುದು ಹೊಸ ಸಾಹಸವಲ್ಲ. ಆ ಚಾಸಿ ಈ ಕೆಲಸವನ್ನು ನಲವತ್ತು ವರ್ಷದ ಹಿಂದೆಯೇ ಮಾಡಿ ತೋರಿಸಿದೆ. ನನಗೆ ಆ ಗಾಡಿಯ ಮೇಲೆ ಒಲವಿದೆ, ಮುಚ್ಚಿಡುವುದಿಲ್ಲ.

ಟ್ರಾವೆಲರ್ ಹಿಂದಿನ ಚಕ್ರದಿಂದ ಓಡುತ್ತದೆ. ವಿಂಗರ್ ಮುಂದಿನ ಚಕ್ರದಿಂದ ಓಡುತ್ತದೆ. 2007ರಲ್ಲಿ ಬಂದ ವಿಂಗರ್‌ನ ಮೂಲ ರೆನೋ ಟ್ರಾಫಿಕ್ ವ್ಯಾನ್. ಮುಂದಿನ ಚಕ್ರದ ಡ್ರೈವ್ ಅಂದರೆ ಕೆಳಗೆ ಉದ್ದಕ್ಕೂ ಜಾಯಿಂಟ್ ಶಾಫ್ಟ್ ಇಲ್ಲ, ನೆಲ ತಗ್ಗು. ಹತ್ತಿ ಇಳಿಯಲು ಸುಲಭ, ಒಳಗೆ ತಲೆಯೆತ್ತಿ ನಿಲ್ಲಲು ಜಾಗ ಸಿಗುತ್ತದೆ, ನೀರಿನ ಟ್ಯಾಂಕು ಕೂರಿಸಲು ಕೆಳಗೆ ಖಾಲಿ ಜಾಗವಿದೆ. ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಟಾರು ರಸ್ತೆಯಲ್ಲೇ ಓಡಾಡುವವರಿಗೆ ವಿಂಗರ್ ಸರಿಯಾದ ಗಾಡಿ.

ಆದರೆ ಏರು ಬಂದಾಗ ಕಥೆ ಬದಲಾಗುತ್ತದೆ. ಮೂರೂವರೆ ಟನ್ ಗಾಡಿ, ನೂರಕ್ಕೆ ಹದಿನೈದು ಏರಿನಲ್ಲಿ (ನೂರು ಮೀಟರ್ ಮುಂದೆ ಹೋದರೆ ಹದಿನೈದು ಮೀಟರ್ ಮೇಲೆ) ನಿಂತಿದೆ ಅಂದುಕೊಳ್ಳಿ. ಅದರ ಭಾರದ ಕೇಂದ್ರ ನೆಲದಿಂದ ಒಂದು ಮೀಟರ್ ಮೇಲಿದ್ದರೆ, ಸುಮಾರು 150 ಕೆಜಿ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಜರುಗುತ್ತದೆ. ಹಿಂದಿನ ಚಕ್ರ ತಳ್ಳುವ ಗಾಡಿಗೆ ಅದು ಲಾಭ. ಮುಂದಿನ ಚಕ್ರ ಎಳೆಯುವ ಗಾಡಿಗೆ ಅಷ್ಟು ಹಿಡಿತ ಹೋಯಿತು. ಅದರ ಮೇಲೆ ಆ ಸ್ಕೂಟರ್ ಕಟ್ಟಿದ್ದರೆ ಇನ್ನೂ 36 ಹೋಯಿತು. ಹೋಂಸ್ಟೇಗೆ ಇಳಿಯುವ ಕೊಡಗಿನ ಮಣ್ಣು ದಾರಿ, ಜುಲೈ ತಿಂಗಳು, ಪಾಚಿ ಕಟ್ಟಿದ ಏರು. ಇಳಿಯುವುದು ಸುಲಭ, ಬೆಳಿಗ್ಗೆ ಹತ್ತಿ ಬರಬೇಕಲ್ಲ! ಮುಂದಿನ ಚಕ್ರ ಅಲ್ಲೇ ಗಿರಗಿರ ತಿರುಗುತ್ತದೆ. ಜರ್ಮನಿಯಲ್ಲೋ ನೆದರ್ಲೆಂಡ್ಸ್‌ನಲ್ಲೋ ಇರುವ ನಮ್ಮವರು ರಜೆಗೆ ಬಾಡಿಗೆಗೆ ತೆಗೆದುಕೊಳ್ಳುವ ಮೋಟರ್‌ಹೋಮ್‌ಗಳು ಬಹಳಷ್ಟು ಫಿಯಟ್ ಡುಕಾಟೊ ಮೇಲೆ ಕಟ್ಟಿದವು. ಅದೂ ಮುಂದಿನ ಚಕ್ರದ್ದೇ. ಅಲ್ಲಿ ನಿಲ್ಲಿಸುವ ಜಾಗಕ್ಕೂ ಚೆನ್ನಾಗಿ ದಾರಿ ಮಾಡಿರುತ್ತಾರೆ. ಆದರೂ ಒದ್ದೆ ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತವೆ ಅಂತ ಎಷ್ಟೋ ಜನ ಚಕ್ರದ ಕೆಳಗೆ ಹಾಕುವ ಪಟ್ಟಿ ಇಟ್ಟುಕೊಂಡೇ ಓಡಾಡುತ್ತಾರೆ. ವಿಡಿಯೊ ನೋಡಿ "ಅಲ್ಲಿ ಎಲ್ಲರೂ ಅದನ್ನೇ ತಗೊಳ್ತಾರೆ" ಅಂತ ತೀರ್ಮಾನಕ್ಕೆ ಬರಬೇಡಿ. ರಾತ್ರಿ ಗಾಡಿ ನಿಲ್ಲಿಸುವ ಜಾಗ ಎಂಥದ್ದು ಅಂತ ಮೊದಲು ಯೋಚಿಸಿ.

ಹಾಗಾದರೆ ಫೋರ್ ವೀಲ್ ಡ್ರೈವ್ ಬೇಕಾ? ಹಿಮಾಲಯದ ಕಚ್ಚಾ ದಾರಿಗೆ, ಮರಳಿಗೆ ಹೋಗುವವರಿಗೆ ಬೇಕು. ಉಳಿದವರಿಗೆ ಹಿಂದಿನ ಚಕ್ರದ ಡ್ರೈವ್, ಒಳ್ಳೆ ಟೈರು ಸಾಕು. ಫೋರ್ ವೀಲ್ ಡ್ರೈವಿಗೆ ಹಾಕುವ ದುಡ್ಡನ್ನು ಬ್ರೇಕಿಗೂ ಬ್ಯಾಟರಿಗೂ ಹಾಕಿ.

ಅಗಲವನ್ನೂ ಅಳೆದು ನೋಡಿ. ಟ್ರಾವೆಲರ್‌ನ ಹೊರ ಅಗಲ ಸುಮಾರು 2.1 ಮೀಟರ್, ವಿಂಗರ್‌ನದು 1.9. ತಗಡು, ಶಾಖದ ಪದರ, ಒಳಗಿನ ಹಲಗೆ ಎರಡೂ ಕಡೆ ಕಳೆದರೆ ವಿಂಗರ್‌ನಲ್ಲಿ ಎತ್ತರದ ಮನುಷ್ಯ ಅಡ್ಡಲಾಗಿ ಕಾಲು ಚಾಚಿ ಮಲಗಲು ಆಗುವುದಿಲ್ಲ. ಮಂಚ ಉದ್ದಕ್ಕೇ ಹಾಕಬೇಕು. ಉದ್ದಕ್ಕೆ ಹಾಕಿದರೆ ಅಡುಗೆಮನೆಯೋ ಬಾತ್‌ರೂಮೋ ಅರ್ಧ ಮೀಟರ್ ಬಿಟ್ಟುಕೊಡಬೇಕು. ಇಷ್ಟು ಚಿಕ್ಕ ಮನೆಯಲ್ಲಿ ಅರ್ಧ ಮೀಟರ್ ಅಂದರೆ ಬಹಳ. ಟೇಪು ಹಿಡಿದೇ ಹೋಗಿ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನೂ ಕರೆದುಕೊಂಡು ಹೋಗಿ.

ಕ್ಯಾಬಿನ್-ಚಾಸಿ ದಾರಿ ಹಿಡಿದರೆ ಈ ಅಗಲದ ಚಿಂತೆ ಇಲ್ಲ, ಡಬ್ಬ ನಿಮ್ಮ ಅಳತೆಗೆ ಕಟ್ಟಿಸಬಹುದು. ಟಾಟಾ 407 ಇದೆ, ಐಷರ್ ಇದೆ. 407 ಬಂದದ್ದು 1986ರಲ್ಲಿ. ಅದರ ಬಿಡಿಭಾಗ ಸಿಗದ ತಾಲ್ಲೂಕು ಇಲ್ಲ. ಆದರೆ ಎರಡು ವಿಷಯ ತಿಳಿದಿರಲಿ. ಲಾರಿ ಚಾಸಿ ಅಂದರೆ ಎರಡು ಉದ್ದದ ಉಕ್ಕಿನ ತೊಲೆ, ನಡುವೆ ಅಡ್ಡಪಟ್ಟಿ. ಹಳ್ಳ ದಿಣ್ಣೆಯಲ್ಲಿ ಅದು ತಿರುಚಿಕೊಳ್ಳುತ್ತದೆ, ತಿರುಚಿಕೊಳ್ಳಲೆಂದೇ ಹಾಗೆ ಮಾಡಿರುತ್ತಾರೆ. ಮೇಲೆ ಕಟ್ಟಿದ ಡಬ್ಬ ತಿರುಚುವುದಿಲ್ಲ. ಎರಡನ್ನೂ ಬೋಲ್ಟು ಹಾಕಿ ಗಟ್ಟಿಯಾಗಿ ಬಿಗಿದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕಿಟಕಿ ಮೂಲೆಯಲ್ಲಿ ಬಿರುಕು ಬಿಡುತ್ತದೆ, ಛಾವಣಿಯ ಸೇರಿಕೆಯಲ್ಲಿ ನೀರು ಇಳಿಯುತ್ತದೆ. ನಡುವೆ ರಬ್ಬರ್ ಮೌಂಟ್ ಹಾಕಿಸಲೇಬೇಕು, ಒಂದು ತುದಿಯಲ್ಲಿ ಅಲುಗಾಟಕ್ಕೆ ಜಾಗ ಬಿಡಬೇಕು. ಬಸ್ಸಿಗೆ ಬಾಡಿ ಕಟ್ಟಿ ಪಳಗಿದವರಿಗೆ ಇದು ಗೊತ್ತು. ಮನೆಯ ಇಂಟೀರಿಯರ್ ಮಾತ್ರ ಮಾಡಿದವರಿಗೆ ಗೊತ್ತಿರುವುದಿಲ್ಲ. ಯಾರ ಕೈಗೆ ಕೆಲಸ ಕೊಡುತ್ತೀರೋ ಅವರನ್ನು ಈ ಒಂದು ಪ್ರಶ್ನೆ ಕೇಳಿ: "ಡಬ್ಬನ ಚಾಸಿಗೆ ಹೇಗೆ ಕೂರಿಸ್ತೀರಾ?" ಉತ್ತರದಲ್ಲೇ ಅವರ ಅನುಭವ ಗೊತ್ತಾಗುತ್ತದೆ.

ಇನ್ನೊಂದು, ಲಾರಿಯ ಲೀಫ್ ಸ್ಪ್ರಿಂಗು. ಅದನ್ನು ಕಲ್ಲು ಸಿಮೆಂಟು ಹೊರಲು ಮಾಡಿರುತ್ತಾರೆ. ಹೊರುವ ಶಕ್ತಿಯ ಅರ್ಧದಷ್ಟೇ ಭಾರ ಹೇರಿದರೆ ಗಾಡಿ ಕುಲುಕಿ ಕುಲುಕಿ ಒಳಗಿನ ಸ್ಕ್ರೂ ಎಲ್ಲ ಸಡಿಲವಾಗುತ್ತದೆ. ಹಾಗಾಗಿ ದೊಡ್ಡ ಚಾಸಿ ಇದ್ದರೆ ಒಳ್ಳೆಯದೇ ಅಲ್ವಾ ಅನ್ನುವುದು ಸರಿಯಲ್ಲ. ಮಿತಿಯ ನೂರಕ್ಕೆ 80, 85ರಷ್ಟು ತೂಕ ಬರುವ ಚಾಸಿ ಆರಿಸಿ. ಹೊಟ್ಟೆಗೂ ಸುಖ, ಪಾತ್ರೆಗೂ ಸುಖ.

ಈಗ ಎಂಜಿನ್. ಇಲ್ಲೂ ಲೆಕ್ಕವನ್ನೇ ಮುಂದಿಡುತ್ತೇನೆ. ಮೂರೂವರೆ ಟನ್ ಗಾಡಿ ಹತ್ತಕ್ಕೆ ಒಂದು ಏರಿನ ಘಾಟಿಯನ್ನು ಗಂಟೆಗೆ 30 ಕಿಮೀ ವೇಗದಲ್ಲಿ ಹತ್ತಲು ಚಕ್ರಕ್ಕೆ ಬೇಕಾದ ಶಕ್ತಿ ಸುಮಾರು 43 ಹೆಚ್‌ಪಿ. ಅದೇ ಗಾಡಿ ಸಮತಟ್ಟು ರಸ್ತೆಯಲ್ಲಿ 80ರಲ್ಲಿ ಹೋಗಲು ಸುಮಾರು 30. ಅದನ್ನೇ 100ಕ್ಕೆ ಏರಿಸಿದರೆ ಸುಮಾರು 50. ಗಮನಿಸಿ, ವೇಗ 20 ಕಿಮೀ ಏರಿತು, ಶಕ್ತಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಆಯಿತು. ಎತ್ತರದ ಡಬ್ಬ ಗಾಳಿಯನ್ನು ಸೀಳಬೇಕಲ್ಲ, ಅದಕ್ಕೆ. ಡೀಸೆಲ್ ಸುಡುವುದು ಇಲ್ಲೇ. ಮೈಲೇಜ್ ಬೇಕು ಅಂದರೆ 80ರ ಮೇಲೆ ಹೋಗಬೇಡಿ, ಯಾವ ಎಂಜಿನ್ ಆದರೂ ಸರಿ.

ಅಂದರೆ 100 ಹೆಚ್‌ಪಿ ಸಾಕು. ನೋಡಬೇಕಾದದ್ದು ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ, ಅದೂ ಎಂಜಿನ್ ನಿಧಾನಕ್ಕೆ ಸುತ್ತುವ ಕೆಳಗಿನ ಆರ್‌ಪಿಎಂನಲ್ಲಿ. ಟ್ರಾವೆಲರ್‌ನ ಬಿಎಸ್6 (ಹೊಸ ಹೊಗೆ ನಿಯಮದ) ಎಂಜಿನ್ 2596 ಸಿಸಿ, 115 ಹೆಚ್‌ಪಿ, 350 ನ್ಯೂಟನ್ ಮೀಟರ್. ವಿಂಗರ್‌ನ 2.2 ಲೀಟರ್ ಎಂಜಿನ್ ಸುಮಾರು 100 ಹೆಚ್‌ಪಿ, 200 ನ್ಯೂಟನ್ ಮೀಟರ್. ಹೆಚ್‌ಪಿ ನೋಡಿದರೆ ಎರಡೂ ಅಕ್ಕಪಕ್ಕ. ಟಾರ್ಕ್ ನೋಡಿ, ಎಷ್ಟು ದೂರ! ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ಎದುರಿಗೆ ಗಾಡಿ ಬಂತು, ನಿಲ್ಲಿಸಿದಿರಿ, ಮತ್ತೆ ಏರಿನಲ್ಲೇ ಎತ್ತಬೇಕು. ಆಗ ಕ್ಲಚ್ ಉಳಿಸುವುದು ಆ ಟಾರ್ಕ್. ಟಾರ್ಕ್ ಕಡಿಮೆಯಿದ್ದರೆ ಆರ್‌ಪಿಎಂ ಏರಿಸಿ, ಕ್ಲಚ್ ಅರ್ಧ ಹಿಡಿದು ಎತ್ತಬೇಕು. ಕ್ಲಚ್ ಸುಟ್ಟ ವಾಸನೆ ಬರುವುದು ಅಲ್ಲೇ.

ಲಡಾಖಿಗೆ ಹೋಗುವವರು ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದ ಹಳೆಯ ಡೀಸೆಲ್ ಎಂಜಿನ್ ಬೇಡ ಅಂತ ಖಡಾಖಂಡಿತ ತೀರ್ಮಾನಿಸಿ. 5359 ಮೀಟರ್ ಎತ್ತರದ ಖರ್ದುಂಗ್ ಲಾದಲ್ಲಿ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ನೂರಕ್ಕೆ 60ಕ್ಕಿಂತ ಕಡಿಮೆ. ಟರ್ಬೊ ಆ ಕೊರತೆಯನ್ನು ಬಹುಪಾಲು ತುಂಬುತ್ತದೆ.

ಹತ್ತುವುದರ ಬಗ್ಗೆಯೇ ಎಲ್ಲರೂ ಕೇಳುತ್ತಾರೆ. ಇಳಿಯುವುದು ಅದಕ್ಕಿಂತ ದೊಡ್ಡ ವಿಷಯ. ಮೂರೂವರೆ ಟನ್ ಗಾಡಿ 500 ಮೀಟರ್ ಕೆಳಗಿಳಿದರೆ ಹೊರಬರುವ ಶಕ್ತಿ ಬಚ್ಚಲಿನ 2000 ವ್ಯಾಟ್ ಗೀಸರನ್ನು ಎರಡೂಕಾಲು ಗಂಟೆಗೂ ಜಾಸ್ತಿ ಉರಿಸಿದಷ್ಟು. ಅಷ್ಟೂ ಬಿಸಿ ಎಲ್ಲಿಗೆ ಹೋಗಬೇಕು? ಬ್ರೇಕನ್ನೇ ಒತ್ತುತ್ತಾ ಬಂದರೆ ಬ್ರೇಕಿಗೆ ಹೋಗುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಎರಡನೇ ಗೇರಿನಲ್ಲಿ ಎಂಜಿನ್ ಹಿಡಿತದಲ್ಲೇ ಇಳಿಯಬೇಕು. ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ದಾರಿಯಲ್ಲಿ 36 ಹೇರ್‌ಪಿನ್‌ಗಳಿವೆ. ಹೊರಗಿನ ಗಾಡಿಗಳನ್ನು ಅಲ್ಲಿ ಇಳಿಯಲು ಬಿಡದೆ ಇರುವುದು ಇಂಥ ಅಪಘಾತಗಳಿಂದಾಗಿಯೇ. ಗಾಡಿ ಆರಿಸುವಾಗ ಹಿಂದೆ ಮುಂದೆ ಯಾವ ಬ್ರೇಕ್ ಇದೆ ಅಂತ ಕೇಳಿ. ಅರ್ಬೇನಿಯಾದಲ್ಲಿ ನಾಲ್ಕು ಚಕ್ರಕ್ಕೂ ಡಿಸ್ಕ್ ಕೊಟ್ಟಿದ್ದಾರೆ, ಬಿಸಿ ಬೇಗ ಆರುತ್ತದೆ. ಅದಕ್ಕೆ ಹೆಚ್ಚು ದುಡ್ಡು ಕೊಡುವುದು ನನ್ನ ದೃಷ್ಟಿಯಲ್ಲಿ ನ್ಯಾಯವೇ.

2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಮಸಿ ಸುಟ್ಟು ಹೋಗಬೇಕಾದರೆ ಗಾಡಿ ಒಂದಷ್ಟು ಹೊತ್ತು ನಿಲ್ಲದೆ ಓಡಿ ಸೈಲೆನ್ಸರ್ ದಾರಿ ಚೆನ್ನಾಗಿ ಬಿಸಿಯಾಗಬೇಕು. ಬ್ಯಾಟರಿ ಚಾರ್ಜಿಗೆ ಅಂತ ನಿಂತಲ್ಲೇ ಗಂಟೆಗಟ್ಟಲೆ ಎಂಜಿನ್ ಓಡಿಸುವ ಅಭ್ಯಾಸ ಇಂಥ ಗಾಡಿಗೆ ಆಗದು. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಎಂಜಿನ್ ಲೈಟ್ ಹತ್ತುತ್ತದೆ. ಸೋಲಾರ್ ಹಾಕಿಸಿ. ಓಡುವಾಗ ಚಾರ್ಜ್ ಆಗಲು ಗಾಡಿಯ ಬ್ಯಾಟರಿಗೂ ಒಳಗಿನ ಮನೆಯ ಬ್ಯಾಟರಿಗೂ ನಡುವೆ ಡಿಸಿ-ಡಿಸಿ ಚಾರ್ಜರ್ ಇಡಿಸಿ. ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ಯೂರಿಯಾ ದ್ರವ) ಬೇಕಾದ ಎಂಜಿನ್ ಆದರೆ ಒಂದು ಕ್ಯಾನ್ ಜೊತೆಗಿರಲಿ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಮೋಟರ್ ಕ್ಯಾರವಾನ್‌ಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವಿದೆ. ಸ್ವಂತಕ್ಕೆ ಇಟ್ಟುಕೊಳ್ಳುವ ಕ್ಯಾಂಪರ್ ವ್ಯಾನ್ ಅಂತ ನೋಂದಣಿಗೆ ಅವಕಾಶವೂ ಇದೆ. ಹಾಗಾಗಿ ಅನುಮೋದನೆ ಪಡೆದ ಬಿಲ್ಡರ್ ಕೈಯಲ್ಲಿ ಮಾಡಿಸಿ, ಆರ್‌ಸಿಯಲ್ಲಿ ಸೀಟು, ಬಾಡಿ ಎಲ್ಲ ಸರಿಯಾಗಿ ಬರೆಸಿಕೊಳ್ಳಿ. ಆರ್‌ಸಿ ಒಂದು ಹೇಳಿ ಗಾಡಿ ಇನ್ನೊಂದು ಆಗಿದ್ದರೆ ಅಪಘಾತದ ದಿನ ಇನ್ಶೂರೆನ್ಸ್ ಕಷ್ಟವಾಗುತ್ತದೆ.

ಮುಂದಿನ ಸಾಲಿನ ಅಮ್ಮ ಒಬ್ಬರು ಕೇಳಿದ್ದು: "ನಾವು ಗಂಡ ಹೆಂಡತಿ ಇಬ್ಬರೇ. ಇಷ್ಟೆಲ್ಲ ಬೇಕಾ?" ಬೇಡಮ್ಮ. ಮಾರುತಿ ಈಕೋ ನೋಡಿ. 1.2 ಲೀಟರ್ ಪೆಟ್ರೋಲ್ ಎಂಜಿನ್, ಹಿಂದಿನ ಚಕ್ರದ ಡ್ರೈವ್, ಬಿಡಿಭಾಗ ಎಲ್ಲ ಕಡೆ ಸಿಗುತ್ತದೆ. ಸಿಎನ್‌ಜಿದು ಬೇಡ, ಸಿಲಿಂಡರ್ ಒಳಗಿನ ಜಾಗ ನುಂಗುತ್ತದೆ. ಮಂಚ ಉದ್ದಕ್ಕೆ ಹಾಕಿ, ಕೆಳಗೆ ಸಾಮಾನು. ಅಡುಗೆ ಹಿಂದಿನ ಬಾಗಿಲು ಎತ್ತಿ ಹೊರಗಿನಿಂದ ಮಾಡಿಕೊಳ್ಳಿ. ಬಿಚ್ಚಿ ತೆಗೆಯುವಂಥ ಮಂಚ ಮಾಡಿಸಿ, ಅದಕ್ಕೂ ಆರ್‌ಟಿಓ ಆಫೀಸಿನಲ್ಲಿ ಒಮ್ಮೆ ವಿಚಾರಿಸಿ.

ಸೆಕೆಂಡ್ ಹ್ಯಾಂಡ್ ಟಿಟಿ ತಗೋಬಹುದಾ ಅಂತ ಇನ್ನೊಬ್ಬರು ಕೇಳಿದರು. ಖಂಡಿತ. ಎಂಜಿನ್ ಕೇಳಿಸಿಕೊಳ್ಳುವ ಮೊದಲು ಕೆಳಗೆ ಮಲಗಿ ಟಾರ್ಚ್ ಹಿಡಿದು ಚಾಸಿ ನೋಡಿ. ಕರಾವಳಿಯಲ್ಲಿ ಓಡಿದ ಗಾಡಿ ಆದರೆ ಹಿಂದಿನ ಅಡ್ಡಪಟ್ಟಿ, ಸ್ಪ್ರಿಂಗ್ ಕೂರುವ ಕೊಂಡಿ, ಮೆಟ್ಟಿಲ ಒಳಭಾಗ, ಈ ಮೂರು ಕಡೆ ತುಕ್ಕು ಮೊದಲು ಹಿಡಿಯುತ್ತದೆ. ಬಣ್ಣ ಹೊಸದಾಗಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಕುಟ್ಟಿ ನೋಡಿ. ಎಂಜಿನ್ ಬಿಚ್ಚಿ ಕಟ್ಟಬಹುದು, ತುಕ್ಕು ತಿಂದ ಚಾಸಿಗೆ ಮದ್ದಿಲ್ಲ. ಗಾಡಿ ಕೊಂಡ ಮೇಲೆ ಸೀಟು ತೆಗೆದು ಹತ್ತಿರದ ವೇಬ್ರಿಡ್ಜಿಗೆ ಒಯ್ಯಿರಿ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಪೂರ್ತಿ ಹತ್ತಿಸಿ ಒಂದು ಚೀಟಿ, ಹಿಂದಿನ ಚಕ್ರ ಮಾತ್ರ ಇಟ್ಟು ಇನ್ನೊಂದು ಚೀಟಿ. ಮರದ ಕೆಲಸ ಮುಗಿದಾಗ ಮತ್ತೆ ಮೂರು ಚೀಟಿ, ಎಲ್ಲ ತುಂಬಿ ಹೊರಡುವ ಹಿಂದಿನ ದಿನ ಇನ್ನು ಮೂರು. ಅವನ್ನು ಆರ್‌ಸಿ ಜೊತೆಗೇ ಇಟ್ಟುಕೊಳ್ಳಿ. ಟೈರಿಗೆ ಎಷ್ಟು ಗಾಳಿ ಅಂತ ಲೆಕ್ಕ ಹಾಕುವಾಗಲೂ ಆಕ್ಸಲ್ ತೂಕದ ಆ ಚೀಟಿಗಳೇ ಬೇಕಾಗುವುದು.